ಆಯಿಯ ತಾಟು, ನಮ್ಮ ವೂಫರ್: ಗೋಡೆ ದಾಟುವ ಸದ್ದಿನ ಒಂದು ಚರಿತ್ರೆ



ಕಳೆದ ಡಿಸೆಂಬರಿನಲ್ಲಿ ಕ್ಯಾರೊಲ್ ತಾಲೀಮಿಗೆ ಬಂದಿದ್ದವರಿಗೆ ಆ ವೂಫರ್ ಮರೆತಿರಲಿಕ್ಕಿಲ್ಲ. ಇಚಲಕರಂಜಿಯಲ್ಲಿ ನಮ್ಮ ಕಾಕಾನ ಮನೆಯ ಮೊದಲ ಮಹಡಿ, ಮೂಲೆಯಲ್ಲಿ ಕರೀ ಪೆಟ್ಟಿಗೆ, ಅದರೊಳಗೆ ಹತ್ತು ಇಂಚಿನ ಸ್ಪೀಕರ್. ಟ್ರ್ಯಾಕ್ ಹಾಕಿದ ಕೂಡಲೇ ಕಾಲ ಕೆಳಗಿನ ಫರಸಿಯೇ ಹಾಡತೊಡಗುತ್ತಿತ್ತು. ನಮಗೆಲ್ಲ ಖುಷಿಯೋ ಖುಷಿ. ಹದಿನೈದು ದಿನ, ರಾತ್ರಿ ಎಂಟರಿಂದ ಹತ್ತರವರೆಗೆ. ಹತ್ತು ಹೊಡೆದ ಕೂಡಲೇ ಸ್ವಿಚ್ ಆಫ್. ಕಾನೂನು ಪಾಲಿಸಿದೆವು ಎಂಬ ಸಮಾಧಾನವೂ ನಮಗಿತ್ತು.

ಕೆಳಗಿನ ಮನೆಯಲ್ಲಿ ಒಬ್ಬ ಆಯಿ ಬಾಡಿಗೆಗೆ ಇದ್ದಾರೆ. ಎಪ್ಪತ್ತು ದಾಟಿದೆ. ನಮ್ಮ ಚರ್ಚಿನವರಲ್ಲ. ಹಬ್ಬದ ಮರುದಿನ ಕೇಕು, ಕರಜೀಕಾಯಿ ಒಂದು ತಾಟಿನಲ್ಲಿ ಹಾಕಿಕೊಂಡು ಕೊಡಲು ಹೋದೆ. ಮುಂದಿನ ಕೋಣೆಯಲ್ಲಿರಬೇಕಾದ ಅವರ ಮಂಚ ಅಡಿಗೆಮನೆಯಲ್ಲಿತ್ತು. ಗೋಡೆಯ ಮೇಲಿನ ಸ್ಟೀಲ್ ರ‍್ಯಾಕು ಕೆಳಗಿಳಿದು, ಒಂದು ಹಳೇ ಸೀರೆಯ ಮೇಲೆ ಮಲಗಿತ್ತು.

"ಯಾಕ ಆಯಿ, ಹಿಂಗ್ಯಾಕ?" ಎಂದೆ.

"ರಾತ್ರಿ ತಾಟ ಗಳಗಳ ಅಂತಿದ್ವೋ ತಮ್ಮಾ. ತಗದು ಕೆಳಗ ಇಟ್ಟೆ."

"ಹಾಡು ಭಾಳ ಜೋರ ಆತೇನು?"

"ಹಾಡು ನನಗೆಲ್ಲಿ ಕೇಳ್ಸತೈತಿ? ಕಿವಿ ಮಗ್ಗ ತಿಂದೈತಿ. ನನಗ ಬರೇ ದಢ್ ದಢ್ ಕೇಳ್ಸೂದು. ಅದೂ ಕಿವ್ಯಾಗಲ್ಲ, ಎದ್ಯಾಗ."

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. "ದೇವರ ಹಾಡು ಹಾಡ್ತೀರಿ. ಬ್ಯಾಡ ಅಂತ ಹೆಂಗ ಅನ್ನಲಿ?"

ನಾನು ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವನು. ಶಬ್ದದ ಪಾಠವನ್ನು ಪರೀಕ್ಷೆಗೆ ಬರೆದು ಅಂಕವನ್ನೂ ಪಡೆದವನು. ನನ್ನ ನೆಲದ ಕೆಳಗೆ ಒಂದು ಜೀವ ಹದಿನೈದು ರಾತ್ರಿ ಮಂಚ ಎಳೆದಾಡುತ್ತಿದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಆಮೇಲೆ ಓದಿದ್ದು, ಕೇಳಿದ್ದು, ಮನೆಯಲ್ಲಿ ಮಾಡಿ ನೋಡಿದ್ದು ಎಲ್ಲ ಸೇರಿ ಈ ಬರಹ. ಚರಿತ್ರೆ ಎಂದು ಕರೆದಿದ್ದೇನೆ, ಏಕೆಂದರೆ ಇದು ವೂಫರಿನಿಂದ ಶುರುವಾದ ಕಥೆಯಲ್ಲ. ನಮ್ಮ ಊರಿನಲ್ಲಂತೂ ಅಲ್ಲವೇ ಅಲ್ಲ.

ಇಚಲಕರಂಜಿಗೆ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ, ತಂದವರು ವಿಠ್ಠಲರಾವ್ ದಾತಾರ. ಆಗ ಇದು ಕೊಲ್ಹಾಪುರ ಸಂಸ್ಥಾನದ ಕೈಕೆಳಗಿನ ಜಹಗೀರು, ಜಹಗೀರುದಾರರು ನಾರಾಯಣರಾವ್ ಘೋರ್ಪಡೆ. ಅವರ ಪ್ರೋತ್ಸಾಹದಿಂದ ಒಂದು ಮಗ್ಗ ಹತ್ತಾಯಿತು, ಹತ್ತು ನೂರಾಯಿತು, ಊರಿಗೆ ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂಬ ಹೆಸರು ಬಿತ್ತು. ಆದರೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮಗ್ಗಗಳು ದೊಡ್ಡ ಗಿರಣಿಗಳೊಳಗೆ ಇದ್ದವು. ಇಲ್ಲಿ ಮನೆಯೊಳಗೇ ಬಂದವು. ಕೆಳಗೆ ನಾಲ್ಕು ಮಗ್ಗ, ಮೇಲೆ ಸಂಸಾರ. ಅಥವಾ ಮುಂದೆ ಸಂಸಾರ, ಹಿತ್ತಲಿನಲ್ಲಿ ಪತ್ರಾಸಿನ ಶೆಡ್ಡು. ಬೆಳಗಾವಿ ಕಡೆಯಿಂದ, ರಬಕವಿ-ಬನಹಟ್ಟಿ ಕಡೆಯಿಂದ ಹೊಟ್ಟೆಪಾಡಿಗೆ ಬಂದ ನಮ್ಮ ಕನ್ನಡದ ಮಂದಿ ಈ ಸದ್ದಿನಲ್ಲೇ ಮಕ್ಕಳನ್ನು ಹೆತ್ತು ಬೆಳೆಸಿದರು. ಆಯಿಯೂ ಹಾಗೆ ಬಂದವರು. ಮೂವತ್ತು ವರ್ಷ ಶೆಡ್ಡಿನಲ್ಲಿ ಕಾಂಡಿ ಸುತ್ತಿದ್ದಾರೆ. ಲಾಳಿಯೊಳಗಿನ ನೂಲಿನ ಕಂಡಿಕೆಗೆ ಇಲ್ಲಿ ಕಾಂಡಿ ಎನ್ನುತ್ತಾರೆ.

ಲಾಳಿ ಮಗ್ಗದ ಸದ್ದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಅದರೊಳಗೆ ಎರಡು ಬೇರೆ ಬೇರೆ ಸದ್ದುಗಳಿವೆ. ಒಂದು, ಲಾಳಿ ಪೆಟ್ಟಿಗೆಗೆ ಬಡಿಯುವ ಚಟ್ ಎಂಬ ಚೂಪು ಸದ್ದು. ಇದು ಗಾಳಿಯಲ್ಲಿ ಬರುತ್ತದೆ, ಕಿವಿಯನ್ನು ಕೊಲ್ಲುತ್ತದೆ. ಇನ್ನೊಂದು, ಮಗ್ಗದ ಭಾರವಾದ ಹಲಗೆ ಹಿಂದೆ ಮುಂದೆ ಹೋಗುವಾಗ ನೆಲಕ್ಕೆ ಸಿಗುವ ಗುದ್ದು. ಸಾದಾ ಮಗ್ಗ ನಿಮಿಷಕ್ಕೆ ಸುಮಾರು 150 ಸಲ ಹೀಗೆ ಗುದ್ದುತ್ತದೆ, ಅಂದರೆ ಸೆಕೆಂಡಿಗೆ ಎರಡೂವರೆ ಸಲ. ಇದು ಕಿವಿಗೆ ಕೇಳುವ ಸ್ವರವೇ ಅಲ್ಲ, ಬರೀ ನಡುಕ. ನೆಲದಿಂದ ಗೋಡೆಗೆ, ಗೋಡೆಯಿಂದ ಮಾಳಿಗೆಗೆ, ಮಾಳಿಗೆಯಿಂದ ಮಂಚದ ಕಾಲಿಗೆ ಹತ್ತುತ್ತದೆ. ಶೆಡ್ಡಿನಲ್ಲಿ ನಾಲ್ಕಾರು ಮಗ್ಗಗಳು ಹೆಚ್ಚೂಕಡಿಮೆ ಒಂದೇ ವೇಗದಲ್ಲಿ ಓಡುವಾಗ ಅವು ಕೆಲ ಹೊತ್ತು ತಾಳ ಕೂಡುತ್ತವೆ, ಕೆಲ ಹೊತ್ತು ತಾಳ ತಪ್ಪುತ್ತವೆ. ಆಗ ನಡುಕ ಉಬ್ಬಿ ಇಳಿದು, ಉಬ್ಬಿ ಇಳಿದು ಅಲೆಯಂತೆ ಬರುತ್ತದೆ. ಪುಸ್ತಕದಲ್ಲಿ ಇದಕ್ಕೆ ವಿಸ್ಪಂದನ ಎನ್ನುತ್ತಾರೆ. ಕಾಲೇಜಿನಲ್ಲಿ ಎರಡು ಶ್ರುತಿಕವೆಗಳನ್ನು ಇಟ್ಟು ತೋರಿಸಿದ್ದರು. ರಜೆಗೆ ಗಡಹಿಂಗ್ಲಜದಿಂದ ಕಾಕಾನ ಮನೆಗೆ ಬಂದಾಗಲೆಲ್ಲ ಹಾಸಿಗೆಯಲ್ಲಿ ಮಲಗಿ ನಾನು ಅದನ್ನೇ ಅನುಭವಿಸುತ್ತಿದ್ದೆ ಎಂದು ಆಗ ಗೊತ್ತಾಗಲಿಲ್ಲ.

ಇಂಗ್ಲೆಂಡಿನ ಲ್ಯಾಂಕಾಷೈರಿನ ಗಿರಣಿಗಳಲ್ಲಿ ಹೆಂಗಸರು ತುಟಿ ಓದಿ ಮಾತಾಡಲು ಕಲಿತಿದ್ದರು. ಸದ್ದಿನಲ್ಲಿ ಮಾತು ಕೇಳದ ಕಾರಣ ತುಟಿಯನ್ನು ದೊಡ್ಡದಾಗಿ ಅಲುಗಿಸಿ, ಕೈಸನ್ನೆ ಸೇರಿಸಿ ಇಡೀ ದಿನದ ಸುದ್ದಿಯನ್ನು ಆಡಿಕೊಳ್ಳುತ್ತಿದ್ದರಂತೆ. ನಮ್ಮ ಆಯಿಯೂ ಎದುರಿಗಿದ್ದವರ ಬಾಯಿಯನ್ನೇ ನೋಡುತ್ತ ಮಾತಾಡುತ್ತಾರೆ. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೂ ಇರಬಹುದು. ಆದರೆ ಗದ್ದಲದಿಂದ ಕಿವಿ ಹಾಳಾಗುವುದು ಮೊದಲು 3000ದಿಂದ 6000 ಹರ್ಟ್ಜ್ ನಡುವಿನ ಎತ್ತರದ ಸ್ವರಗಳಲ್ಲಿ. 'ಸ', 'ಶ', 'ತ'ದಂಥ ವ್ಯಂಜನಗಳು ಮೊದಲು ಮಾಯವಾಗುತ್ತವೆ, ಹಾಡಿನ ಮಾತು ಹೋಗುತ್ತದೆ, ತಂತಿಯ ಮಿಂಚು ಹೋಗುತ್ತದೆ. ಕೊನೆಯವರೆಗೂ ಉಳಿಯುವುದು ತಗ್ಗಿನ ಸ್ವರ. ನಾವು ಮೇಲೆ ಹಾಡಿದ ಹಾಡಿನಲ್ಲಿ ಆಯಿಗೆ ತಲುಪಿದ್ದು ವೂಫರ್ ಮಾತ್ರ. ನಾಲ್ಕು ಧ್ವನಿಗಳಲ್ಲಿ ಕಷ್ಟಪಟ್ಟು ಕೂಡಿಸಿದ್ದ ನಮ್ಮ ಹಾಡು ಅವರ ಪಾಲಿಗೆ ಇರಲೇ ಇಲ್ಲ.

ಈಗ ಕೊಲ್ಹಾಪುರದ ಕಡೆ ಹೋಗೋಣ. ಸದ್ದಿನ ಚರಿತ್ರೆಯಲ್ಲಿ ಆ ಊರಿನ ಪಾಲು ದೊಡ್ಡದು, ಅದರಲ್ಲೂ ಕನ್ನಡಿಗರಿಗೆ. ಶಾಹೂ ಮಹಾರಾಜರು ಪ್ಯಾಲೇಸ್ ಥಿಯೇಟರ್ ಕಟ್ಟಿಸಿದ್ದು 1915ರಲ್ಲಿ. ಮುಂದೆ ಅದಕ್ಕೆ ಗಾಯಕ ನಟ ಕೇಶವರಾವ್ ಭೋಸಲೆಯವರ ಹೆಸರು ಬಂತು. 2024ರ ಆಗಸ್ಟಿನಲ್ಲಿ ಬೆಂಕಿಗೆ ಸಿಕ್ಕಾಗ ಊರಿಗೆ ಊರೇ ಅತ್ತಿತು. ಅದನ್ನು ಕಟ್ಟಿದ್ದು ಮೈಕು ಇಲ್ಲದ ಕಾಲದಲ್ಲಿ. ಆಗಿನ ಸವಾಲು ನಮ್ಮದಕ್ಕೆ ಪೂರಾ ಉಲ್ಟಾ: ಬರಿಗಂಟಲಿನ ಹಾಡು ಕೊನೆಯ ಸಾಲಿಗೆ ಮುಟ್ಟಬೇಕು, ಒಂದು ಚೂರೂ ಸೋರಿಹೋಗಬಾರದು. ನಂತರ ಸಿನೆಮಾ ಬಂತು. 1929ರಲ್ಲಿ ಕೊಲ್ಹಾಪುರದಲ್ಲಿ ಶುರುವಾದ ಪ್ರಭಾತ್ ಫಿಲ್ಮ್ ಕಂಪನಿ 1932ರಲ್ಲಿ 'ಅಯೋಧ್ಯೆಚಾ ರಾಜಾ' ಮಾಡಿ ಮರಾಠಿ ತೆರೆಗೆ ಮಾತು ಕೊಟ್ಟಿತು. ಎರಡು ವರ್ಷ ಬಿಟ್ಟು, 1934ರಲ್ಲಿ ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ಚಿತ್ರೀಕರಣವಾದದ್ದೂ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲೇ. ಕನ್ನಡ ಸಿನೆಮಾ ಮೊದಲು ಬಾಯಿ ಬಿಟ್ಟದ್ದು ನಮ್ಮ ಜಿಲ್ಲೆಯಲ್ಲಿ! ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ, ನಿಮಗೂ ಹೇಳಿಬಿಟ್ಟೆ.

ಮೂಕಿ ಚಿತ್ರದ ಕಾಲದಲ್ಲಿ ಸ್ಟುಡಿಯೋದ ಗೋಡೆ ಹೇಗಿದ್ದರೂ ನಡೆಯುತ್ತಿತ್ತು. ಮಾತು ಬಂದ ಮೇಲೆ ಹೊರಗಿನ ಟಾಂಗಾ, ಕಾಗೆ, ಕ್ಯಾಮೆರಾದ ಕಿರಕಿರ ಎಲ್ಲವೂ ಶತ್ರುಗಳಾದವು. ಜಗತ್ತಿನ ಎಲ್ಲೆಡೆ ಸ್ಟುಡಿಯೋದವರು ದಪ್ಪ ಪರದೆ, ಕಂಬಳಿ ಕಟ್ಟಿ ಒದ್ದಾಡಿದರು. ಆದರೆ ಆ ಕಾಲದ ಚಿತ್ರಮಂದಿರದಿಂದ ಪಕ್ಕದ ಮನೆಯ ತಾಟು ಅಲುಗಾಡುವ ಭಯ ಇರಲಿಲ್ಲ. ಆಗಿನ ಫಿಲ್ಮಿನ ಧ್ವನಿಪಟ್ಟಿಯಲ್ಲೂ ಸ್ಪೀಕರಿನಲ್ಲೂ ಆಳದ ಸ್ವರ ಸರಿಯಾಗಿ ಹಿಡಿಯುತ್ತಲೇ ಇರಲಿಲ್ಲ. ತೆರೆಯ ಮೇಲೆ ಗುಡುಗು ತಗಡು ಬಡಿದಂತೆ ಕೇಳುತ್ತಿತ್ತು.

ಹಾಗಾದರೆ ಸದ್ದನ್ನು ತಡೆಯುವ ವಿದ್ಯೆ ಎಲ್ಲಿಂದ ಬಂತು? ಮೊದಲಿಗೆ ಸೋಲಿನಿಂದ. ಲಂಡನ್ನಿನ ಚೆಲ್ಸಿಯಲ್ಲಿ ಲೇಖಕ ಥಾಮಸ್ ಕಾರ್ಲೈಲ್ ಪಕ್ಕದ ಮನೆಯ ಪಿಯಾನೋಕ್ಕೂ ಹುಂಜಗಳಿಗೂ ಬೇಸತ್ತು 1853ರಲ್ಲಿ ತನ್ನ ಮನೆಯ ನೆತ್ತಿಯ ಮೇಲೆ ಒಂದು 'ನಿಶ್ಶಬ್ದ ಕೋಣೆ' ಕಟ್ಟಿಸಿದ. ಜೋಡಿ ಗೋಡೆ, ಬೆಳಕಿಗೆ ಮೇಲಿನಿಂದ ಗಾಜು. ಬೇಕಾದಷ್ಟು ಹಣ ಸುರಿದ. ಕೋಣೆ ನಿಶ್ಶಬ್ದವಾಗಲಿಲ್ಲ. ಹತ್ತಿರದ ಕೆಲವು ಸದ್ದು ನಿಂತಾಗ ಅದುವರೆಗೆ ಕೇಳದಿದ್ದ ದೂರದ ಸದ್ದುಗಳು ಕೇಳತೊಡಗಿದವು. ಆ ಕೋಣೆಯಲ್ಲೇ ಗೊಣಗುತ್ತ ಕೂತು ಅವನು ಫ್ರೆಡರಿಕ್ ದೊರೆಯ ದೊಡ್ಡ ಚರಿತ್ರೆ ಬರೆದು ಮುಗಿಸಿದ.

ಲೆಕ್ಕ ಬಂದದ್ದು 1895ರ ನಂತರ. ಹಾರ್ವರ್ಡಿನಲ್ಲಿ ಒಂದು ಹೊಸ ಉಪನ್ಯಾಸ ಭವನದಲ್ಲಿ ಮಾತು ಪ್ರತಿಧ್ವನಿಸಿ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ವಾಲೇಸ್ ಸೇಬೈನ್ ಎಂಬ ಎಳೆಯ ಅಧ್ಯಾಪಕ ರಾತ್ರಿ ಹೊತ್ತು, ಊರು ಮಲಗಿದ ಮೇಲೆ, ಇನ್ನೊಂದು ಸಭಾಂಗಣದ ಸೀಟಿನ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ಆರ್ಗನ್ ಕೊಳವೆ ಊದಿ, ಸದ್ದು ಆರಲು ಎಷ್ಟು ಹೊತ್ತು ಬೇಕು ಎಂದು ಅಳೆದ. ಬೆಳಗಾಗುವುದರೊಳಗೆ ಮೆತ್ತೆಗಳನ್ನೆಲ್ಲ ವಾಪಸು ಇಡಬೇಕಿತ್ತು! ಮೆತ್ತೆ ಹೆಚ್ಚಿದಷ್ಟೂ ಕೋಣೆಯೊಳಗಿನ ಮಾರ್ದನಿ ಕಡಿಮೆ. ಈ ಮೆತ್ತೆಯ ಪಾಠವೇ ಇವತ್ತು ನಮ್ಮನ್ನು ದಾರಿ ತಪ್ಪಿಸಿದೆ. ಮೊಟ್ಟೆಯ ಟ್ರೇ, ಥರ್ಮಾಕೋಲ್, ಫೋಮ್ ಗೋಡೆಗೆ ಅಂಟಿಸಿದರೆ ಸದ್ದು ಹೊರಗೆ ಹೋಗುವುದಿಲ್ಲ ಎಂದು ನಂಬಿದ್ದೇವೆ. ಅವು ಕೋಣೆಯೊಳಗಿನ ಎತ್ತರದ ಸ್ವರಗಳ ಮಾರ್ದನಿಯನ್ನು ಸ್ವಲ್ಪ ಹೀರುತ್ತವೆ, ಅಷ್ಟೇ. ಗೋಡೆ ದಾಟುವುದನ್ನು ತಡೆಯುವುದು ಬೇರೆಯೇ ಕೆಲಸ. ಅದಕ್ಕೆ ಬೇಕಾದದ್ದು ಭಾರ. ಇದನ್ನು ಅಳತೆ ಮಾಡಿ ತೋರಿಸಿದವನು 1911ರಲ್ಲಿ ಮ್ಯೂನಿಕ್ಕಿನಲ್ಲಿ ಪ್ರಬಂಧ ಬರೆದ ರಿಚರ್ಡ್ ಬರ್ಗರ್. ಗೋಡೆಯ ತೂಕ ಎರಡರಷ್ಟಾದರೆ ದಾಟುವ ಸದ್ದು ಲೆಕ್ಕದ ಪ್ರಕಾರ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸ್ವರದ ಆವರ್ತನ ಎರಡರಷ್ಟಾದರೂ ಅಷ್ಟೇ ಇಳಿಯುತ್ತದೆ.

ಎರಡನೆಯ ವಾಕ್ಯವನ್ನು ಹಿಂದುಮುಂದಾಗಿ ಓದಿ. ಸ್ವರ ಅರ್ಧಕ್ಕೆ ಇಳಿದಂತೆಲ್ಲ ಗೋಡೆ 6 ಡೆಸಿಬಲ್ ಸೋಲುತ್ತದೆ. ನಮ್ಮ ಸೊಪ್ರಾನೊ ಹುಡುಗಿಯರು ಹಾಡುವ 1000 ಹರ್ಟ್ಜ್ ಸುಮಾರಿನ ಸ್ವರಕ್ಕೆ ಹೋಲಿಸಿದರೆ, ವೂಫರಿನ 60 ಹರ್ಟ್ಜ್‌ಗೆ ಅದೇ ಗೋಡೆ ಸುಮಾರು 24 ಡೆಸಿಬಲ್ ಕಡಿಮೆ ತಡೆ ಒಡ್ಡುತ್ತದೆ. ಪಕ್ಕದ ಮನೆಯ ಮದುವೆಯಲ್ಲಿ ಹಾಡು ಯಾವುದೆಂದು ತಿಳಿಯದೆ ಬರೀ ಧುಮ್ ಧುಮ್ ಕೇಳುವುದು ಇದಕ್ಕೇ. ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬು ಚದರ ಮೀಟರಿಗೆ ಸುಮಾರು 300 ಕೆಜಿ ತೂಗುತ್ತದೆ. ಇನ್ನೂ 6 ಡೆಸಿಬಲ್ ಬೇಕೆಂದರೆ ಅದನ್ನು ಹತ್ತು ಇಂಚು ಮಾಡಬೇಕು. ಕಾಕಾನಿಗೆ ಹೇಳಿದರೆ ನನ್ನನ್ನೇ ಮನೆಯಿಂದ ಹೊರಗೆ ಹಾಕುತ್ತಾನೆ. ಇನ್ನು ಕಿಟಕಿಯ 4 ಮಿಲಿಮೀಟರ್ ಗಾಜು ಚದರ ಮೀಟರಿಗೆ ತೂಗುವುದು 10 ಕೆಜಿ ಮಾತ್ರ. ಸದ್ದಿಗೆ ಅದು ತೆರೆದ ಬಾಗಿಲಿದ್ದಂತೆ. ಹಳೇ ವಾಡೆಗಳ ಎರಡಡಿ ದಪ್ಪದ ಕರಿಕಲ್ಲಿನ ಗೋಡೆಯೊಳಗೆ ಯಾಕೆ ಅಷ್ಟು ತಂಪು ಮೌನ ಎಂಬುದಕ್ಕೂ ಬರ್ಗರನ ಲೆಕ್ಕವೇ ಉತ್ತರ.

ಮನೆಯೊಳಗೆ ಇಷ್ಟು ಆಳದ ಸ್ವರ ಬಂದದ್ದು ಇತ್ತೀಚೆಗೆ. ಬೇಸ್ ಬೇಕೆಂದರೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗಿದ್ದ ಕಾಲದಲ್ಲಿ, 1954ರಲ್ಲಿ, ಅಮೆರಿಕದ ಎಡ್ಗರ್ ವಿಲ್ಚರ್ ಎಆರ್-1 ಎಂಬ ಚಿಕ್ಕ ಸ್ಪೀಕರ್ ತಂದ. ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ, ಒಳಗಿನ ಗಾಳಿಯೇ ಸ್ಪ್ರಿಂಗ್. ಪುಸ್ತಕದ ಶೆಲ್ಫಿನಲ್ಲಿ ಕೂರುವ ಪೆಟ್ಟಿಗೆ ಆಳದ ಸ್ವರ ನುಡಿಸಿತು. 1974ರಲ್ಲಿ 'ಅರ್ಥ್‌ಕ್ವೇಕ್' ಸಿನೆಮಾ ಬಂದಾಗ ಯುನಿವರ್ಸಲ್ ಕಂಪನಿ ಸೆನ್ಸರೌಂಡ್ ಎಂಬ ವ್ಯವಸ್ಥೆ ತಂದು, ಭೂಕಂಪದ ದೃಶ್ಯಕ್ಕೆ ದೈತ್ಯ ಸ್ಪೀಕರುಗಳಿಂದ ಕುರ್ಚಿಗಳನ್ನೇ ನಡುಗಿಸಿತು. ಹಾಲಿವುಡ್ಡಿನ ಚೈನೀಸ್ ಥಿಯೇಟರಿನಲ್ಲಿ ಮೇಲಿನ ಗಿಲಾವು ಉದುರಿ ಜನರ ತಲೆಯ ಮೇಲೆ ಬೀಳದಿರಲಿ ಎಂದು ಬಲೆ ಕಟ್ಟಬೇಕಾಯಿತು. ಗೋಡೆಗೆ ಗೋಡೆ ಹತ್ತಿದ ಚಿತ್ರಮಂದಿರಗಳಲ್ಲಿ ಪಕ್ಕದ ಹಾಲಿನವರು ಬೇರೆ ಸಿನೆಮಾ ನೋಡುತ್ತಲೇ ಭೂಕಂಪ ಅನುಭವಿಸಿದರು. ಆಯಿಯ ತಾಟಿನ ದೊಡ್ಡಣ್ಣ ಇದು. 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಹೊತ್ತಿಗೆ ಡಾಲ್ಬಿ ಡಿಜಿಟಲ್ ಬಂದು, 120 ಹರ್ಟ್ಜ್‌ಗಿಂತ ಕೆಳಗಿನ ಸದ್ದಿಗೆಂದೇ ಒಂದು ಬೇರೆ ದಾರಿ ಸಿಕ್ಕಿತು. ಹೋಮ್ ಥಿಯೇಟರ್ ಡಬ್ಬಿಯ ಮೇಲೆ 5.1 ಎಂದು ಬರೆದಿರುತ್ತದಲ್ಲ, ಅದರ '.1' ಇದೇ.

ಡಾಲ್ಬಿ ಎಂದ ಕೂಡಲೇ ನಮ್ಮ ಜಿಲ್ಲೆಯಲ್ಲಿ ಕಣ್ಣ ಮುಂದೆ ಬರುವುದೇ ಬೇರೆ: ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಒಂದರ ಮೇಲೊಂದು ಪೇರಿಸಿದ ಸ್ಪೀಕರ್ ಗೋಡೆ. ಗಣಪತಿ ವಿಸರ್ಜನೆ, ಮದುವೆ, ಜಯಂತಿ, ಎಲ್ಲದಕ್ಕೂ ಡಾಲ್ಬಿ. ಇದರಲ್ಲಿ ಒಂದು ತಮಾಷೆಯಿದೆ. ರೇ ಡಾಲ್ಬಿ ಎಂಬ ಅಮೆರಿಕದ ಎಂಜಿನಿಯರ್ 1963ರಿಂದ ಎರಡು ವರ್ಷ ಯುನೆಸ್ಕೋ ಸಲಹೆಗಾರನಾಗಿ ನಮ್ಮ ದೇಶದಲ್ಲೇ, ಚಂಡೀಗಢದ ವೈಜ್ಞಾನಿಕ ಉಪಕರಣಗಳ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ. 1965ರಲ್ಲಿ ಲಂಡನ್ನಿಗೆ ಹೋಗಿ ಕಂಪನಿ ಶುರು ಮಾಡಿದ. ಅವನು ಮೊದಲು ಮಾಡಿದ ಸಾಧನ ಟೇಪಿನ ಸುಯ್ ಎಂಬ ಗದ್ದಲವನ್ನು ಕಡಿಮೆ ಮಾಡುವಂಥದ್ದು. ಬದುಕಿಡೀ ಗದ್ದಲ ಇಳಿಸಿದವನ ಹೆಸರು ನಮ್ಮಲ್ಲಿ ಗದ್ದಲಕ್ಕೇ ಬಂದುಬಿಟ್ಟಿತು. ಕೊಲ್ಹಾಪುರದ ಮಹಾದ್ವಾರ ರಸ್ತೆಯಲ್ಲಿ ಡಾಲ್ಬಿ ಹಾದುಹೋಗುವಾಗ ಅಂಗಡಿಯ ಶಟರಿನ ಮೇಲೆ ಕೈ ಇಟ್ಟು ನೋಡಿದ್ದೇನೆ, ಜೀವಂತ ಪ್ರಾಣಿಯ ಮೈಯಂತೆ ಅದುರುತ್ತದೆ. ಹಲಗಿ, ತಾಶೆಯ ಸದ್ದೂ ಸಣ್ಣದಲ್ಲ. ಆದರೆ ಅದು ಚರ್ಮದ ಸದ್ದು, ಬಾರಿಸುವವನ ಕೈ ಸೋತಾಗ ನಿಲ್ಲುತ್ತದೆ. ಜನರೇಟರಿಗೆ ಕೈ ಸೋಲುವುದಿಲ್ಲ. 'ಡಾಲ್ಬಿಮುಕ್ತ' ಗಣೇಶೋತ್ಸವಕ್ಕೆ ಪೊಲೀಸರೂ ಮಂಡಳಿಗಳೂ ಯತ್ನಿಸಿದ್ದು ನಿಮಗೆ ಗೊತ್ತು. 2018ರ ಸೆಪ್ಟೆಂಬರಿನಲ್ಲಿ ಮುಂಬಯಿ ಹೈಕೋರ್ಟು ಮೆರವಣಿಗೆಯ ಡಿಜೆ, ಡಾಲ್ಬಿಗೆ ಅವಕಾಶ ಕೊಡಲು ಒಪ್ಪಲಿಲ್ಲ.

ಕಾನೂನಿನ ಮಾತು ಬಂತು, ಅದನ್ನೂ ನೋಡಿಬಿಡೋಣ. ಶಬ್ದಮಾಲಿನ್ಯ ನಿಯಮಗಳು ಬಂದದ್ದು 2000ದ ಫೆಬ್ರವರಿಯಲ್ಲಿ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಇಲ್ಲ. ಹಬ್ಬಗಳಿಗೆಂದು ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ರಾಜ್ಯ ಸರ್ಕಾರ ಸಡಿಲಿಸಬಹುದು. 2005ರ ಜುಲೈ 18ರಂದು ಸುಪ್ರೀಂ ಕೋರ್ಟು ಇದನ್ನು ಗಟ್ಟಿಗೊಳಿಸಿತು. ಆ ಮೊಕದ್ದಮೆಯ ಹಿಂದೆ 13 ವರ್ಷದ ಒಬ್ಬ ಹುಡುಗಿಯ ದುರಂತವಿತ್ತು. ಅವಳು ಸಹಾಯಕ್ಕೆ ಕೂಗಿದ್ದು ನೆರೆಹೊರೆಯ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಿರಲಿಲ್ಲ.

ಆದರೆ ನಮಗೆ ಹೆಚ್ಚು ಹತ್ತಿರದ್ದು ಅದಕ್ಕೂ ಮೊದಲಿನ ಇನ್ನೊಂದು ತೀರ್ಪು, 2000ದ ಆಗಸ್ಟ್ 30ರದ್ದು. ಚೆನ್ನೈನ ಮೆಜೆಸ್ಟಿಕ್ ಕಾಲೊನಿಯ ನಿವಾಸಿಗಳು ತಮ್ಮ ಪಕ್ಕದ ಚರ್ಚ್ ಆಫ್ ಗಾಡ್ ಪ್ರಾರ್ಥನಾಲಯದ ಧ್ವನಿವರ್ಧಕ, ಡ್ರಮ್ಮುಗಳ ವಿರುದ್ಧ ಹೈಕೋರ್ಟಿಗೆ ಹೋಗಿದ್ದರು. ಸದ್ದು ನಮ್ಮದಲ್ಲ, ರಸ್ತೆಯ ವಾಹನಗಳದ್ದು. ಅಲ್ಪಸಂಖ್ಯಾತರ ಪ್ರಾರ್ಥನೆ ತಡೆಯಲು ಇದೊಂದು ನೆಪ ಎಂದು ಚರ್ಚು ವಾದಿಸಿತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸು ಎಂದು ಯಾವ ಧರ್ಮವೂ ಹೇಳಿಲ್ಲ ಎಂಬ ಅರ್ಥದಲ್ಲಿ ಮೇಲ್ಮನವಿಯನ್ನು ತಳ್ಳಿಹಾಕಿತು. ಧ್ವನಿವರ್ಧಕದ ಬಗ್ಗೆ ಈ ದೇಶದಲ್ಲಿ ಮತ್ತೆ ಮತ್ತೆ ಉದಾಹರಿಸುವ ಒಂದು ತೀರ್ಪು ಒಂದು ಚರ್ಚಿನ ಹೆಸರಿನಲ್ಲೇ ಇದೆ. ಡಾಲ್ಬಿ ಬಗ್ಗೆ ಮಾತಾಡುವಾಗ ನಾವು ಬೇರೆಯವರ ಕಡೆ ಬೆರಳು ಮಾಡುವುದೇ ಹೆಚ್ಚು. ಚೆನ್ನೈನ ಆ ಕಾಲೊನಿಯವರು ಹೇಳುವ ಧೈರ್ಯ ಮಾಡಿದರು, ನಮ್ಮ ಆಯಿ ಮಾಡಲಿಲ್ಲ. ವ್ಯತ್ಯಾಸ ಅಷ್ಟೇ.

ಇನ್ನೊಂದು ತಾಂತ್ರಿಕ ಸಂಗತಿ ಇದೆ, ಇದು ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿತು. ಕಾನೂನು ಅಳೆಯುವ ಡೆಸಿಬಲ್ ಸಾದಾ ಡೆಸಿಬಲ್ ಅಲ್ಲ, 'ಎ' ತೂಕದ ಡೆಸಿಬಲ್. 1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬವರು ಮನುಷ್ಯನ ಕಿವಿ ಯಾವ ಸ್ವರಕ್ಕೆ ಎಷ್ಟು ಚುರುಕು ಎಂದು ರೇಖೆ ಎಳೆದರು. ಮೆಲ್ಲಗಿನ ಸದ್ದಿನಲ್ಲಿ ಕಿವಿಗೆ ತಗ್ಗಿನ ಸ್ವರ ಕಡಿಮೆ ಕೇಳುತ್ತದೆ. ಅದನ್ನು ಆಧರಿಸಿ 1936ರಲ್ಲಿ ಅಮೆರಿಕದ ಮಾಪಕಗಳಿಗೆ 'ಎ' ರೇಖೆ ಬಂತು, ಆಮೇಲೆ ಜಗತ್ತೆಲ್ಲ ಹಬ್ಬಿತು. ಅದರ ಪ್ರಕಾರ 50 ಹರ್ಟ್ಜ್ ಸ್ವರದಿಂದ 30 ಡೆಸಿಬಲ್ ಕಳೆಯಬೇಕು. ಅಂದರೆ ಆಯಿಯ ಕೋಣೆಯಲ್ಲಿ 50 ಹರ್ಟ್ಜ್ ಬೇಸ್ 80 ಡೆಸಿಬಲ್ ಇದ್ದರೂ ಮಾಪಕ ತೋರಿಸುವುದು 50. ಹಗಲಿನ ಮಿತಿಯೊಳಗೇ! ತಾಟು ಗಳಗಳ ಅನ್ನುತ್ತಿರುತ್ತದೆ, ಎದೆ ದಢದಢ ಅನ್ನುತ್ತಿರುತ್ತದೆ, ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇರುತ್ತದೆ. ಹತ್ತಕ್ಕೆ ಸ್ವಿಚ್ ಆರಿಸಿ ನಾವು ಪಟ್ಟ ಸಮಾಧಾನ ಇಂಥದ್ದು.

ಈಗ ಕಾಕಾನ ಮನೆಯಲ್ಲಿ ನಾವು ಏನು ಮಾಡಿದೆವು ಎಂಬುದು. ಜನವರಿಯ ಎರಡು ಭಾನುವಾರ ಇದಕ್ಕೇ ಹೋಯಿತು. ನಾನು ಮೇಲೆ, ತಮ್ಮ ಕೆಳಗೆ ಆಯಿಯ ಜೊತೆ, ನಡುವೆ ಫೋನ್ ಕರೆ. ರ‍್ಯಾಕನ್ನು ಮತ್ತೆ ಗೋಡೆಗೆ ತೂಗುಹಾಕಿ ಅದನ್ನೇ ನಮ್ಮ ಮಾಪಕ ಮಾಡಿಕೊಂಡೆವು.

ಮೊದಲು ವೂಫರಿನ ಕೆಳಗೆ ಗಟ್ಟಿ ರಬ್ಬರಿನ ನಾಲ್ಕು ಬಿಲ್ಲೆ ಇಟ್ಟೆವು, ಅಂಗಡಿಯವರು ಕೊಡುವಂಥವು. ಏನೂ ಆಗಲಿಲ್ಲ. ಒಂದೆರಡು ಸ್ವರಗಳಲ್ಲಿ ಮೊದಲಿಗಿಂತ ಹೆಚ್ಚಾಯಿತು ಎಂದು ಆಯಿ ಹೇಳಿದರು. ಕೂತು ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ರಬ್ಬರಿನ ಮೇಲೆ ಕೂತ ಭಾರಕ್ಕೆ ತನ್ನದೇ ಒಂದು ಕುಣಿತದ ಆವರ್ತನ ಇರುತ್ತದೆ. ಭಾರ ಇಟ್ಟಾಗ ರಬ್ಬರು ಎಷ್ಟು ಕುಗ್ಗುತ್ತದೆ ಎಂಬುದರಿಂದ ಅದು ಅಂದಾಜು ಸಿಗುತ್ತದೆ: 1 ಮಿಲಿಮೀಟರ್ ಕುಗ್ಗಿದರೆ ಸುಮಾರು 16 ಹರ್ಟ್ಜ್, 10 ಮಿಲಿಮೀಟರ್ ಕುಗ್ಗಿದರೆ 5 ಹರ್ಟ್ಜ್. ನುಡಿಸುವ ಸ್ವರ ಇದರ ಸುಮಾರು 1.4 ಪಟ್ಟಿಗಿಂತ ಮೇಲಿದ್ದರೆ ಮಾತ್ರ ನಡುಕ ತಡೆಯಲು ಶುರು. ಮೂರು ನಾಲ್ಕು ಪಟ್ಟು ಇದ್ದರೆ ಚೆನ್ನಾಗಿ ತಡೆಯುತ್ತದೆ. ಹತ್ತಿರ ಹತ್ತಿರ ಇದ್ದರೆ ತಡೆಯುವ ಬದಲು ಹೆಚ್ಚಿಸುತ್ತದೆ. ಗಟ್ಟಿ ಬಿಲ್ಲೆ ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ. ಮಗ್ಗದ ಕೆಳಗೆ ರಬ್ಬರ್ ಹಾಕಿ ಏನೂ ಪ್ರಯೋಜನ ಆಗಲಿಲ್ಲ ಎಂದು ಇಲ್ಲಿನ ಹಿರಿಯರು ಹೇಳುವುದಕ್ಕೂ ಇದೇ ಲೆಕ್ಕ. ಸೆಕೆಂಡಿಗೆ ಎರಡೂವರೆ ಗುದ್ದನ್ನು ತಡೆಯಲು ಅಂಗೈ ಅಗಲದಷ್ಟು ಕುಗ್ಗುವ ಸ್ಪ್ರಿಂಗ್ ಬೇಕು. ಅಷ್ಟು ಮೆತ್ತಗಿದ್ದರೆ ಮಗ್ಗವೇ ನಡೆದುಕೊಂಡು ಹೊರಟುಹೋಗುತ್ತದೆ.

ಎರಡನೇ ಭಾನುವಾರ ಸ್ಕೂಟರಿನ ಹಳೇ ಟ್ಯೂಬಿಗೆ ಸ್ವಲ್ಪವೇ ಗಾಳಿ ತುಂಬಿ, ಅದರ ಮೇಲೆ ಎರಡಡಿಯ ಒಂದು ಶಹಾಬಾದ್ ಫರಸಿ, ಅದರ ಮೇಲೆ ವೂಫರ್ ಇಟ್ಟೆವು. ಫರಸಿಯೇ 24 ಕೆಜಿ ಹತ್ತಿರ ಇತ್ತು. ಇದು ಕೆಲಸ ಮಾಡಿತು. ನೆಲದ ಮೇಲೆ ಅಂಗೈ ಇಟ್ಟರೆ ನಡುಕ ಬಹುಮಟ್ಟಿಗೆ ಹೋಗಿತ್ತು. ಗೆದ್ದೆವು ಎಂದುಕೊಂಡೆ. ಕೆಳಗಿನಿಂದ ತಮ್ಮ, "ಅಣ್ಣಾ, ತಾಟು ಇನ್ನೂ ಅಲ್ಲಾಡಾಕತ್ತಾವು" ಎಂದ.

ಯಾಕೆಂದರೆ ಪೆಟ್ಟಿಗೆಯ ಕಾಲಿನಿಂದ ಇಳಿಯುವ ನಡುಕ ಒಂದು ಪಾಲು ಮಾತ್ರ. ಉಳಿದದ್ದು ಗಾಳಿಯಲ್ಲಿ ಹೋಗಿ ಇಡೀ ಸ್ಲ್ಯಾಬನ್ನೇ ತಮಟೆಯಂತೆ ಒತ್ತುತ್ತದೆ. ಅದಕ್ಕೆ ಟ್ಯೂಬೂ ಇಲ್ಲ, ಫರಸಿಯೂ ಇಲ್ಲ. ವೂಫರಿನ ಕೆಳಗಿಡುವ ದುಬಾರಿ ಮೆತ್ತೆಗಳ ಜಾಹೀರಾತಿನಲ್ಲಿ ಈ ಅರ್ಧ ಸತ್ಯವನ್ನು ಯಾರೂ ಹೇಳುವುದಿಲ್ಲ. ಆಮೇಲೆ ಪೆಟ್ಟಿಗೆಯನ್ನು ಮೂಲೆಯಿಂದ ಎಳೆದು ಕೋಣೆಯ ನಡುವಿಗೆ, ನಾವು ಕೂರುವ ಜಾಗದ ಪಕ್ಕಕ್ಕೇ ತಂದೆವು. ಮೂಲೆಯಲ್ಲಿ ಎರಡು ಗೋಡೆ, ಒಂದು ನೆಲ ಸೇರಿ ಬೇಸನ್ನು ಉಬ್ಬಿಸುತ್ತವೆ. ಹತ್ತಿರ ಇದ್ದರೆ ಕಡಿಮೆ ಸದ್ದಿನಲ್ಲೇ ನಮಗೆ ಕೇಳುತ್ತದೆ. ಕೋಣೆ ನಾಲ್ಕು ಮೀಟರ್ ಉದ್ದ, ಹಾಗಾಗಿ 43 ಹರ್ಟ್ಜ್ ಸುಮಾರಿನಲ್ಲಿ ಅದು ತಾನೇ ಅನುರಣಿಸುತ್ತದೆ. ಈಕ್ವಲೈಜರಿನಲ್ಲಿ ಅಲ್ಲಿಗೆ ಒಂದು ಗುಂಡಿ ತೋಡಿದೆವು. ಕೊನೆಗೆ ಎಲ್ಲಕ್ಕಿಂತ ಸುಲಭದ್ದು: ವೂಫರಿನ ತಿರುಪನ್ನು ಹಿಂದಕ್ಕೆ ತಿರುಗಿಸಿದೆವು. ಫ್ಲೆಚರ್-ಮನ್ಸನ್ ರೇಖೆಗಳು ಇಲ್ಲಿ ನಮ್ಮ ಪರವಾಗಿ ನಿಂತವು. ತಗ್ಗಿನ ಸ್ವರಗಳಲ್ಲಿ ಆ ರೇಖೆಗಳು ಒತ್ತೊತ್ತಾಗಿವೆ. ಐದಾರು ಡೆಸಿಬಲ್ ಇಳಿಸಿದರೆ ಸದ್ದು ಅರ್ಧಕ್ಕೆ ಇಳಿದಂತೆ ಕೇಳುತ್ತದೆ. ಮೇಲೆ ನಮಗೆ ಬೇಸ್ ಸ್ವಲ್ಪ ತೆಳುವಾಯಿತು. ಕೆಳಗೆ, ಮೊದಲೇ ಸ್ಲ್ಯಾಬು ದಾಟಿ ಸೊರಗಿದ್ದ ಸದ್ದು, ಕೇಳುವ ಗೆರೆಯ ಕೆಳಗೇ ಹೋಯಿತು.

"ಈಗ ಹೆಂಗೈತಿ ಆಯಿ?" ಎಂದು ಫೋನಿನಲ್ಲಿ ಕೂಗಿ ಕೇಳಿದೆ.

"ಶುರು ಮಾಡ್ರಿ ಮೊದಲ," ಎಂದರು. ಹಾಡು ಆಗಲೇ ಎರಡನೇ ಚರಣದಲ್ಲಿತ್ತು.

ಈ ವರ್ಷದ ತಾಲೀಮು ಸಂಜೆ ಆರರಿಂದ ಎಂಟರವರೆಗೆ. ಕಿಟಕಿ ಮುಚ್ಚಿರುತ್ತದೆ, ಫ್ಯಾನ್ ಇದೆ, ನೀರಿನ ಬಾಟಲಿ ತನ್ನಿ. ಟ್ಯೂಬಿಗೆ ವಾರಕ್ಕೊಮ್ಮೆ ಗಾಳಿ ಹಾಕುವ ಕೆಲಸ ನನ್ನ ತಮ್ಮನದು. ಆಯಿಯ ಮಂಚ ಮುಂದಿನ ಕೋಣೆಗೆ ವಾಪಸು ಬಂದಿದೆ. ಒಂದೇ ಒಂದು ದೊಡ್ಡ ತಾಟು ಮಾತ್ರ ಕೀಬೋರ್ಡಿನ ಒಂದು ತಗ್ಗಿನ ಸ್ವರಕ್ಕೆ ಇನ್ನೂ ಸಣ್ಣಗೆ ಗುಂಯ್‌ಗುಡುತ್ತದೆ. ಅದರ ಅಂಚಿಗೆ ಅವರು ಹಳೇ ಸೀರೆಯ ಒಂದು ಚಿಂದಿ ಸಿಕ್ಕಿಸಿದ್ದಾರೆ.